ಎಡಿಇ2 ಯೀಸ್ಟ್ ಕೊನೆಗೂ ಕೆಂಪಾಯಿತು

ಬಂತು ನೋಡಿ, ಕೆಂಪು! ಎಡಿಇ2 ಅನ್ನುವ ಜೀನ್ ಕೆಟ್ಟ ಯೀಸ್ಟ್ ಕೆಂಪು ಕಾಲೊನಿ ಕಟ್ಟಬೇಕು, ಆದರೆ ಇಷ್ಟು ದಿನ ನನ್ನ ಪ್ಲೇಟುಗಳು ಬಿಳಿಯಾಗಿ, ಜಾಸ್ತಿ ಅಂದರೆ ತಿಳಿ ಗುಲಾಬಿಯಾಗಿ ಕೂತು ನನ್ನ ತಲೆ ತಿಂದಿದ್ದವು. ಅಗರ್ ಸುರಿದಿದ್ದು, ಗೀರು ಎಳೆದಿದ್ದು, 30 ಡಿಗ್ರಿಯಲ್ಲಿ ಇಟ್ಟಿದ್ದು ಎಲ್ಲ ಮಾಮೂಲಿ, ಬಿಡಿ.

ಬಣ್ಣದ ಮೂಲ ಎಐಆರ್, ಅಂದರೆ ಅಮೈನೋಇಮಿಡಜೋಲ್ ರೈಬೋಟೈಡ್. ಪ್ಯೂರಿನ್ (ಡಿಎನ್‌ಎಗೆ ಬೇಕಾದ ಅಡೆನಿನ್‌ನಂಥ ಅಣುಗಳು) ಕಟ್ಟುವ ದಾರಿಯಲ್ಲಿ ಮೊದಲ ಉಂಗುರ ಮುಚ್ಚಿದಾಗ ಸಿಗುವ ಅಣು. ಎಡಿಇ2 ಜೀನ್ ಕೆಟ್ಟರೆ ಅದು ಮುಂದಕ್ಕೆ ಹೋಗುವುದಿಲ್ಲ, ಅಲ್ಲೇ ಗುಡ್ಡೆ ಬೀಳುತ್ತದೆ. ಕೋಶ ಅದನ್ನು ತನ್ನೊಳಗಿನ ಚೀಲಕ್ಕೆ, ಅಂದರೆ ವ್ಯಾಕ್ಯೂಲಿಗೆ ತಳ್ಳುತ್ತದೆ, ಅದು ಆಕ್ಸಿಡೈಸ್ ಆಗಿ ಕೆಂಪಾಗುತ್ತದೆ. ಆಗಬೇಕು. ನನ್ನದು ಆಗಲಿಲ್ಲ!

ಮೊದಲ ಅನುಮಾನ ಪೆಟೀಟ್‌ಗಳ ಮೇಲೆ, ಅಂದರೆ ಮೈಟೋಕಾಂಡ್ರಿಯಾ ಕೆಟ್ಟು ಉಸಿರಾಟ ನಿಂತ ಯೀಸ್ಟ್. ಅವು ಕೆಂಪಾಗುವುದಿಲ್ಲ, ಅಲ್ವಾ? ಗ್ಲಿಸರಾಲ್ ಪ್ಲೇಟಿಗೆ ಹಾಕಿದೆ, ಅದನ್ನು ತಿನ್ನಲು ಉಸಿರಾಟ ಬೇಕು, ಪೆಟೀಟ್ ಆಗಿದ್ದರೆ ಅಲ್ಲಿ ಬೆಳೆಯುತ್ತಲೇ ಇರಲಿಲ್ಲ. ಇವು ಸೊಂಪಾಗಿ ಬೆಳೆದವು. ಹಾಗಾದರೆ ಉಳಿದಿದ್ದು ಮೀಡಿಯಾಗೆ (ಯೀಸ್ಟ್ ಬೆಳೆಸುವ ಆಹಾರಕ್ಕೆ) ಹಾಕುವ ಯೀಸ್ಟ್ ಎಕ್ಸ್‌ಟ್ರಾಕ್ಟ್ ಡಬ್ಬಿ.

ಅಡೆನಿನ್ ಧಾರಾಳವಾಗಿ ಸಿಕ್ಕರೆ ಯೀಸ್ಟ್ ತಾನು ಯಾಕೆ ದುಡಿಯುತ್ತದೆ? ಸರಣಿಯ ಮೊದಲ ಹೆಜ್ಜೆಯನ್ನೇ ಅದುಮಿಡುತ್ತದೆ. ಎಐಆರ್ ಹುಟ್ಟುವುದೇ ಇಲ್ಲ, ಬಣ್ಣ ಎಲ್ಲಿಂದ ಬರಬೇಕು! ಎಕ್ಸ್‌ಟ್ರಾಕ್ಟ್‌ನಲ್ಲಿ ಅಡೆನಿನ್ ಎಷ್ಟಿದೆ ಅನ್ನುವುದು ಲಾಟ್‌ನಿಂದ ಲಾಟ್‌ಗೆ ಬದಲಾಗುತ್ತದೆ. ಡಬ್ಬಿಯ ಮೇಲೆ ನೈಟ್ರೋಜನ್ ಇದೆ, ತೇವಾಂಶ ಇದೆ, ಪಿಎಚ್ ಇದೆ, ನನಗೆ ಬೇಕಾದ ಒಂದು ಅಂಕಿ ಮಾತ್ರ ಇಲ್ಲ. ಕೇಳಿದರೆ ಮಾರಿದವರು ಅದೇ ಲೇಬಲ್ ಫೋಟೋ ತೆಗೆದು ಕಳಿಸಿದರು. ಸಂತೋಷ.

ಎಕ್ಸ್‌ಟ್ರಾಕ್ಟ್ ಸಹವಾಸವೇ ಬೇಡ ಅಂತ ಎಲ್ಲವನ್ನೂ ನಾನೇ ಅಳೆದು ಹಾಕುವ ಸಿಂಥೆಟಿಕ್ ಮೀಡಿಯಾಗೆ ಹೋದೆ, ಅಡೆನಿನ್ ಲೀಟರಿಗೆ 10 ಮಿಲಿಗ್ರಾಂ. ಅಡೆನಿನ್ ಪೂರ್ತಿ ಬಿಟ್ಟರೆ ಎಡಿಇ2 ಕೆಟ್ಟ ಯೀಸ್ಟ್ ಬೆಳೆಯುವುದೇ ಇಲ್ಲ, ಹಾಗಾಗಿ ಕಾಲೊನಿ ಒಂದು ಹದಕ್ಕೆ ಬರುವಷ್ಟು ಕೊಟ್ಟು ಆಮೇಲೆ ಹಸಿವಿಗೆ ಬಿಡಬೇಕು. ಕಾಲೊನಿಗಳು ಚಿಕ್ಕವು, ಆದರೆ ಇಟ್ಟಿಗೆ ಕೆಂಪು. ಫ್ರಿಜ್‌ನಲ್ಲಿ ಇಟ್ಟ ಮೇಲೆ ಇನ್ನೂ ಗಾಢವಾಯಿತು, ಸುಮ್ನೆ ಕಾಯಬೇಕು ಅಷ್ಟೇ.

ಈಗ ತಲೆಯಲ್ಲಿ ಓಡುತ್ತಿರುವುದು ಎಡಿಇ3 ಅನ್ನುವ ಇನ್ನೊಂದು ಜೀನ್. ಅದೂ ಕೆಟ್ಟಿದ್ದರೆ ದಾರಿ ಎಐಆರ್‌ಗಿಂತ ಮೊದಲೇ ಕಟ್, ಕಾಲೊನಿ ಮತ್ತೆ ಬಿಳಿ. ಸರಿಯಿರುವ ಎಡಿಇ3 ಅನ್ನು ಪ್ಲಾಸ್ಮಿಡ್‌ನಲ್ಲಿ (ಡಿಎನ್‌ಎಯ ಚಿಕ್ಕ ಬಿಡಿ ಉಂಗುರದಲ್ಲಿ) ಕೊಟ್ಟರೆ ಕೆಂಪು, ಬೆಳೆಯುತ್ತಾ ಪ್ಲಾಸ್ಮಿಡ್ ಕಳೆದುಕೊಂಡ ಕಡೆಯೆಲ್ಲ ಬಿಳಿ ಪಟ್ಟೆ. ಎಡಿಇ3 ಕೆಟ್ಟ ಯೀಸ್ಟಿಗೆ ಹಿಸ್ಟಿಡಿನ್ ಅನ್ನುವ ಅಮೈನೋ ಆಮ್ಲ ಕೂಡ ಹಾಕಬೇಕು. ಹಿಸ್ಟಿಡಿನ್ ಬೇರೆ ಕಡೆಯಿಂದ ತರಿಸುತ್ತೇನೆ.