ಅಷ್ಟು ಹಳೇ ಸೀರಿಯಲ್ ಈಗ ಎಂತಕ್ಕೆ ನೋಡ್ತಿ?

ಕಳೆದ ಮಳೆಗಾಲದಿಂದ ಮನೆಗೆ ಬಂದವರೆಲ್ಲ ಕೇಳುವುದು ಒಂದೇ: "ಅಷ್ಟು ಹಳೇ ಸೀರಿಯಲ್ ಈಗ ಎಂತಕ್ಕೆ ನೋಡ್ತಿ ಮಾರಾಯ್ತಿ? ಬಂಡೆಯೆಲ್ಲ ನಕಲಿ ಅಂತ ಗೊತ್ತಾಗ್ತದಲ್ಲ!"

ಸೀರಿಯಲ್ಲು 'ಸ್ಟಾರ್ ಟ್ರೆಕ್', ಆಕಾಶಹಡಗಿನಲ್ಲಿ ಗ್ರಹದಿಂದ ಗ್ರಹಕ್ಕೆ ಸುತ್ತುವವರ ಕಥೆ. 1966ರಿಂದ 1969ರವರೆಗೆ ಅಮೆರಿಕದ ಟೀವಿಯಲ್ಲಿ ಬಂದ ಮೂಲ ಸರಣಿ, ಒಟ್ಟು 79 ಕಂತು. ಬಂಡೆ ನಕಲಿ ಅಂತ ಕಾಣುವುದು ನಿಜ. ಅವರ ಹತ್ತಿರ ದುಡ್ಡು ಕಡಿಮೆ ಇತ್ತು. ವಾರಕ್ಕೊಂದು ಗ್ರಹದಲ್ಲಿ ಹಡಗು ಇಳಿಸಿ ತೋರಿಸುವ ಖರ್ಚು ತಾಳಲಾರದೆಯೇ ಮನುಷ್ಯರನ್ನು ಮಿಣಮಿಣ ಬೆಳಕಾಗಿ ಕರಗಿಸಿ ಕೆಳಗೆ ಕಳಿಸುವ ಯಂತ್ರ ಹುಟ್ಟಿದ್ದು. ಮೂರನೇ ವರ್ಷದ ಕಂತುಗಳಲ್ಲಿ ಕೆಲವು ನನಗೂ ರುಚಿಸಲಿಲ್ಲ.

ನನ್ನ ಉತ್ತರವೆಲ್ಲ ಇರುವುದು ಒಂದೇ ಕಂತಿನಲ್ಲಿ. 1967ರ ಮಾರ್ಚ್‌ನಲ್ಲಿ ಬಂದ 'ದ ಡೆವಿಲ್ ಇನ್ ದ ಡಾರ್ಕ್'. ನಮ್ಮೂರು ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ. ನಾನು ಆ ಕಂತು ನೋಡಿದ ದಿನ ಜಡಿಮಳೆ. ಅಮ್ಮ ಪಕ್ಕದಲ್ಲಿ ಕೂತು ಬೇಯಿಸಿದ ಹಲಸಿನ ಬೀಜ ಸುಲಿಯುತ್ತಿದ್ದಳು. ಅವಳಿಗೆ ಇಂಗ್ಲಿಷ್ ಬಾರದು, ನಾನು ಕಥೆ ಹೇಳುತ್ತಾ ಹೋದೆ.

ದೂರದ ಗ್ರಹವೊಂದರ ಗಣಿ. ಕತ್ತಲಲ್ಲಿ ಏನೋ ಬಂದು ಕೆಲಸದವರನ್ನು ಒಬ್ಬೊಬ್ಬರನ್ನಾಗಿ ಸುಟ್ಟು ಕೊಲ್ಲುತ್ತಿದೆ. ಕಲ್ಲನ್ನೇ ಕರಗಿಸಿ ದಾರಿ ಮಾಡಿಕೊಳ್ಳುವ ಜೀವಿ, ಹೆಸರು ಹೊರ್ಟಾ. ಯಾನೋಸ್ ಪ್ರೊಹಾಸ್ಕಾ ಎಂಬ ಕಲಾವಿದ ಆ ವೇಷದೊಳಗೆ ಹೊಕ್ಕು ತೆವಳುತ್ತಾನೆ, ನೋಡಲಿಕ್ಕೆ ಮುದ್ದೆಯಾದ ಹಳೇ ಕಂಬಳಿ. ಎಲ್ಲರೂ ಕೊಲ್ಲಲಿಕ್ಕೆ ಹೊರಟಾಗ, ಮುಟ್ಟಿ ಮನಸ್ಸು ಓದಬಲ್ಲ ಹಡಗಿನ ಅಧಿಕಾರಿ ಸ್ಪಾಕ್ ಅದರ ಮೈಮೇಲೆ ಕೈಯಿಟ್ಟು ಮನಸ್ಸಿನೊಳಗೆ ಇಳಿಯುತ್ತಾನೆ. ಅದರ ನೋವು ಅವನ ಬಾಯಲ್ಲಿ ಕೂಗಾಗಿ ಬರುತ್ತದೆ. ಗಣಿಯವರು ಬರೀ ಕಲ್ಲುಗುಂಡು ಅಂತ ಸಾವಿರಗಟ್ಟಲೆ ಒಡೆದು ಹಾಕಿದ್ದು ಅದರ ಮೊಟ್ಟೆ.

"ಬಾಣಂತಿ ಅದು," ಅಂದಳು ಅಮ್ಮ. "ಮೈಮೇಲೆ ಬರದೆ ಇನ್ನೆಂತ ಮಾಡ್ತದೆ?"

ಇಬ್ಬರಿಗೂ ನೆನಪಾಗಿದ್ದು ನಮ್ಮ ಸೊಪ್ಪಿನಬೆಟ್ಟದ ಕಾಳಿಂಗ. ದರಗು ಒಟ್ಟಿ ಗೂಡು ಕಟ್ಟಿ, ಮೊಟ್ಟೆಯಿಟ್ಟು ಕಾವಲು ಕೂತಿತ್ತು. ಹಾವುಗಳಲ್ಲಿ ಹೀಗೆ ಎಲೆ ಒಟ್ಟಿ ಗೂಡು ಮಾಡುವುದು ಅದೊಂದೇ. ದೊಣ್ಣೆ ತಂದವರೂ ಇದ್ದರು. ಹಾವಿನ ವಿಷಯ ಬಲ್ಲವರು ಬಂದು, ಮರಿ ಹೊರಬರುವ ಮುಂಚೆ ತಾಯಿ ತಾನೇ ಬಿಟ್ಟು ಹೋಗುತ್ತದೆ, ಅಲ್ಲೀವರೆಗೆ ಆ ಕಡೆ ಹೋಗಬೇಡಿ ಅಂದರು. ಆ ವರ್ಷ ನಾವು ಸೊಪ್ಪಿಗೆ ಬೇರೆ ದಾರಿ ಹಿಡಿದೆವು.

ಕಂತಿನಲ್ಲೂ ಹಾಗೇ ಒಂದು ಒಪ್ಪಂದವಾಗುತ್ತದೆ. ಹಡಗಿನ ಡಾಕ್ಟರು ಗಾರೆ ಮೆತ್ತಿ ಹೊರ್ಟಾದ ಗಾಯ ಮುಚ್ಚುತ್ತಾನೆ. ಮರಿಗಳು ಸುರಂಗ ಕೊರೆಯುತ್ತವೆ, ಗಣಿಯವರು ಅದಿರು ತೆಗೆದುಕೊಳ್ಳುತ್ತಾರೆ. ಕೋವಿ ಹಿಡಿದು ಶುರುವಾದ ಕಥೆ ಹೀಗೆ ಮುಗಿಯಬಹುದು ಅಂತ ನಾನು ಎಣಿಸಿರಲಿಲ್ಲ.

ರಾತ್ರಿ ಅಮ್ಮ ಮೊದಲಿಂದ ಇನ್ನೊಂದು ಸಲ ಹಾಕು ಅಂದಳು. ಶುರುವಿನಲ್ಲೇ ಗಣಿಯ ಯಜಮಾನನ ಮೇಜಿನ ಮೇಲೆ ಅಂಥದೇ ಒಂದು ಕಲ್ಲುಗುಂಡು ಇರುತ್ತದೆ, ಬರೀ ಅಲಂಕಾರಕ್ಕೆ. ಮೊದಲ ಸಲ ಇಬ್ಬರೂ ಅದನ್ನು ಗಮನಿಸಿರಲಿಲ್ಲ. ಸ್ಪಾಕ್ ಅದನ್ನು ಎತ್ತಿಕೊಂಡ. ಅಮ್ಮನ ಕೈ ಬೀಜದ ಬೋಗುಣಿಯಲ್ಲೇ ನಿಂತಿತು.

"ಮೆತ್ತಗೆ ಹಿಡ್ಕೊಳ್ಳಕ್ಕೆ ಹೇಳೆ ಅವನಿಗೆ."