ಗೇಟಿನ ಬೀಗದ ಕೈ

2018ರ ಆಗಸ್ಟ್ ಕಳೆದ ಮೇಲೆ ನಮ್ಮ ಊರಿನಲ್ಲಿ ಏನೇ ಆದರೂ ಮೊದಲು ರಿಂಗಾಗುತ್ತಿದ್ದದ್ದು ನನ್ನ ಫೋನು. ಕೊಡಗಿನ ಮಾದಾಪುರದಿಂದ ಹೆಚ್ಚು ದೂರವಿಲ್ಲದ ಊರು ನಮ್ಮದು. ಆ ತಿಂಗಳ ನಡುವಿನ ಮೂರು ನಾಲ್ಕು ದಿನಗಳಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡಗಳು ಜರಿದು ಬಂದಾಗ ನಮ್ಮಲ್ಲಿಯೂ ರಸ್ತೆ ಎರಡು ಕಡೆ ಕಡಿದು, ಕರೆಂಟು ಹೋಗಿ, ಮೊಬೈಲ್ ಟವರೂ ಸತ್ತು, ಊರು ಎರಡು ದಿನ ಹೊರಗಿನ ಸಂಪರ್ಕವಿಲ್ಲದೆ ಉಳಿದಿತ್ತು. ಆಗ ಗ್ರಾಮ ಪಂಚಾಯಿತಿ ಸದಸ್ಯನಾಗಿದ್ದ ನಾನು ನಾಲ್ಕೈದು ಹುಡುಗರನ್ನು ಕಟ್ಟಿಕೊಂಡು ತೋಡಿನ, ಅಂದರೆ ಹಳ್ಳದ, ಬದಿಯ ಮನೆಗಳವರನ್ನು ಶಾಲೆಗೆ ಸಾಗಿಸಿದೆ. ನಮ್ಮ ಊರಿನಲ್ಲಿ ಯಾರಿಗೂ ಪ್ರಾಣಾಪಾಯವಾಗಲಿಲ್ಲ. ಅದರಲ್ಲಿ ನನ್ನ ಪಾಲೆಷ್ಟು, ಗುಡ್ಡದ ದಯೆ ಎಷ್ಟು ಎಂಬುದನ್ನು ಆಗ ನಾನು ಲೆಕ್ಕ ಹಾಕಲಿಲ್ಲ. ಊರೂ ಹಾಕಲಿಲ್ಲ. ಅಂದಿನಿಂದ ಟ್ರಾನ್ಸ್‌ಫಾರ್ಮರ್ ಸುಟ್ಟರೆ, ಗದ್ದೆಗೆ ಆನೆ ಇಳಿದರೆ, ಪಡಿತರ ಅಂಗಡಿಯಲ್ಲಿ ಹೆಬ್ಬೆಟ್ಟಿನ ಯಂತ್ರ ಕೆಟ್ಟರೆ ನನಗೇ ಕರೆ. ಸದಸ್ಯತ್ವದ ಅವಧಿ ಮುಗಿದ ಮೇಲೂ ಈ ಕರೆಗಳು ನಿಲ್ಲಲಿಲ್ಲ, ಮತ್ತು ಅವು ನಿಲ್ಲದೇ ಇದ್ದದ್ದು ನನಗೆ ಒಳಗೊಳಗೇ ಹಿತವಾಗಿತ್ತು.

ಕೊಡಗಿನಲ್ಲಿ ಮುಂದಾಳುತನ ಹೊಸ ಮಾತಲ್ಲ. ಒಕ್ಕಕ್ಕೆ, ಅಂದರೆ ಒಂದೇ ಮೂಲದ ಮನೆತನಕ್ಕೆ, ಒಬ್ಬ ಪಟ್ಟೆದಾರ, ಊರಿಗೊಬ್ಬ ತಕ್ಕ, ನಾಡಿಗೊಬ್ಬ ತಕ್ಕ, ದೇವಸ್ಥಾನಕ್ಕೆ ದೇವತಕ್ಕ ಎಂದು ಮನೆತನದ ಮೇಲೆ ನಿಂತ ವ್ಯವಸ್ಥೆ ಇಲ್ಲಿ ಬಹಳ ಹಳೆಯದು, ಹಬ್ಬಹರಿದಿನಗಳ ಮಟ್ಟಿಗೆ ಇಂದಿಗೂ ಗಟ್ಟಿಯಾಗಿರುವುದು. ಅದರ ಪಕ್ಕದಲ್ಲಿಯೇ 1993ರ ಪಂಚಾಯತ್ ರಾಜ್ ಕಾಯ್ದೆ ತಂದ ಇನ್ನೊಂದು ವ್ಯವಸ್ಥೆ ನಡೆಯುತ್ತಿದೆ. ಅಲ್ಲಿ ಈಗ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲು, ಅಧ್ಯಕ್ಷರ ಅವಧಿ 30 ತಿಂಗಳು, ಮೀಸಲಾತಿಯೋ ಸುತ್ತು ಸುತ್ತಿ ಬರುವಂಥದ್ದು. ಕುರ್ಚಿಯಲ್ಲಿ ಕೂರುವವರು ಹೀಗೆ ಬದಲಾಗುತ್ತಲೇ ಇದ್ದರೂ ಸಭೆಯಲ್ಲಿ ಕಷ್ಟದ ಪ್ರಶ್ನೆ ಬಂದಾಗ ಜನ ಯಾರ ಮುಖ ನೋಡುತ್ತಾರೆ ಎಂಬುದು ಬೇರೆಯೇ ಸಂಗತಿ. ನಮ್ಮಲ್ಲಿ ನನ್ನ ಮುಖ ನೋಡುತ್ತಿದ್ದರು.

ಮೂರು ವರ್ಷಗಳ ಹಿಂದೆ, ಮೇ ತಿಂಗಳ ಕೊನೆಯಲ್ಲಿ, ಮಳೆಗಾಲಕ್ಕೆ ಮೊದಲೇ ಊರಿನದ್ದೊಂದು ತಂಡ ಕಟ್ಟಬೇಕೆಂದು ಒಂದು ದಿನದ ತರಬೇತಿ ಇಟ್ಟುಕೊಂಡೆವು. ಸ್ವಸಹಾಯ ಸಂಘಗಳಿಗೆ ಬಹಳ ಕಾಲ ತರಬೇತಿ ಕೊಟ್ಟು ನಿವೃತ್ತರಾದ ಮೇಡಂ ಒಬ್ಬರು ಬರಲು ಒಪ್ಪಿದರು. ನಮ್ಮ ಕಣದ ಶೆಡ್ಡಿನಲ್ಲಿಯೇ ನಡೆಸೋಣ, ಊಟ ನಮ್ಮ ಮನೆಯದ್ದೇ ಆಗಲಿ ಎಂದು ನಾನು ಫೋನಿನಲ್ಲಿ ಹೇಳಿದಾಗ ಅವರು, “ಶಾಲೆಯಲ್ಲಿ ಮಾಡೋಣ ಸಾರ್. ಊಟಕ್ಕೆ ಎಲ್ಲರೂ ಒಂದೊಂದು ಹಿಡಿ ಅಕ್ಕಿ ತರಲಿ” ಎಂದರು. ನನ್ನ ಮನೆಯ ಊಟಕ್ಕೆ ಏನು ಕಮ್ಮಿಯಾಗಿದೆ ಎಂದು ನನಗೆ ಸ್ವಲ್ಪ ಅಸಮಾಧಾನವೇ ಆಯಿತು.

ಬೇಸಿಗೆ ರಜೆಯ ಶಾಲೆಯಲ್ಲಿ ಅಂದು ಮೂವತ್ತನಾಲ್ಕು ಜನ ಸೇರಿದರು. ಪೈಸಾರಿ ಎಂಬ ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡವರು, ನಮ್ಮ ಮತ್ತು ಅಕ್ಕಪಕ್ಕದ ತೋಟಗಳ ಲೈನ್‌ಮನೆ ಎಂಬ ಕಾರ್ಮಿಕರ ಸಾಲುಮನೆಗಳವರು, ಇಬ್ಬರು ನಿವೃತ್ತ ಸೈನಿಕರು, ಜೀಪು ಮತ್ತು ಆಟೋ ಓಡಿಸುವ ಹುಡುಗರು, ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್. ಮೇಡಂ ಮೊದಲ ಪ್ರಶ್ನೆ ಹಾಕಿದರು: ರಾತ್ರಿ ಹನ್ನೊಂದಕ್ಕೆ ಮೇಲಿನ ಬರೆ, ಅಂದರೆ ಕಡಿದಾದ ಮಣ್ಣಿನ ಇಳಿಜಾರು, ಜರಿಯುವ ಹಾಗಿದೆ, ಫೋನಿಲ್ಲ, ಮೊದಲು ಯಾವ ಮನೆಯ ಬಾಗಿಲು ತಟ್ಟುತ್ತೀರಿ? ಯಾರೂ ಬಾಯಿ ಬಿಡಲಿಲ್ಲ. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ನನ್ನ ಕಡೆಗೆ ಒಬ್ಬೊಬ್ಬರೇ ಕತ್ತು ತಿರುಗಿಸಿದರು. ನಾನು ಉತ್ತರ ಹೇಳಿದೆ. ಎರಡನೆಯ ಪ್ರಶ್ನೆಗೂ ಹೀಗೆಯೇ ಆಯಿತು. ಮೂರನೆಯ ಪ್ರಶ್ನೆಗೆ ಒಬ್ಬ ಹುಡುಗ ಏನೋ ಹೇಳಲು ಎದ್ದವನು ನನ್ನನ್ನು ನೋಡಿ, “ಸಾವ್ಕಾರ್ರು ಹೇಳಿದ ಹಾಗೇ ಮೇಡಂ” ಎಂದು ಕುಳಿತುಬಿಟ್ಟ. ಅಲ್ಲಿಯವರೆಗೆ ನಾನು ಆ ಪ್ರಶ್ನೆಗೆ ಏನನ್ನೂ ಹೇಳಿರಲಿಲ್ಲ.

ಮೇಡಂ ನನ್ನ ಬಳಿ ಬಂದು, ಅಡುಗೆಮನೆಯಲ್ಲಿ ಒಬ್ಬರೇ ಇದ್ದಾರೆ, ಸ್ವಲ್ಪ ಕೈಜೋಡಿಸುತ್ತೀರಾ ಎಂದು ವಿನಯದಿಂದಲೇ ಕೇಳಿದರು. ಅದು ಹೊರಗೆ ಕಳಿಸುವ ಮಾತೆಂದು ಎಲ್ಲರಿಗೂ ತಿಳಿಯಿತು. ಕಿವಿ ಬಿಸಿಯಾದರೂ ಎದ್ದು ಹೋದೆ.

ಬಿಸಿಯೂಟದ ಅಡುಗೆಯಾಕೆ ನನ್ನ ಕೈಗೆ ಈರುಳ್ಳಿಯ ಬುಟ್ಟಿಯನ್ನೂ ಚಾಕುವನ್ನೂ ಕೊಟ್ಟರು. ತರಗತಿಗೂ ಅಡುಗೆಮನೆಗೂ ನಡುವೆ ಒಂದು ಜಾಲರಿ ಕಿಟಕಿ ಮಾತ್ರ ಇದ್ದುದರಿಂದ ಒಳಗಿನ ಮಾತೆಲ್ಲ ಕೇಳುತ್ತಿತ್ತು. ಮೊದಲ ಹತ್ತು ನಿಮಿಷ ಕೇಳಿದ್ದು ಬರೀ ಕೆಮ್ಮು, ಬೆಂಚು ಸರಿದ ಸದ್ದು. ನಾನಿಲ್ಲದೆ ಸಭೆ ಏಳುವುದಿಲ್ಲ ಎಂಬ ಸಣ್ಣ ಖುಷಿ ನನಗೆ ಆಗಿತ್ತೆಂದು ಈಗ ಹೇಳಲು ನಾಚಿಕೆಯಾಗುತ್ತದೆ. ಆಮೇಲೆ ಮೇಡಂ ಬರೆ, ಗುಡ್ಡಗಳನ್ನೆಲ್ಲ ಬಿಟ್ಟು, “ನಿಮ್ಮ ಸಂಘದಲ್ಲಿ ಪುಸ್ತಕ ಬರೆಯುವವರು ಯಾರು?” ಎಂದು ಹೆಂಗಸರನ್ನು ಕೇಳಿದರು. ಅಲ್ಲಿಂದ ಮಾತು ಹರಿಯಿತು.

ಸ್ತ್ರೀಶಕ್ತಿ ಯೋಜನೆಯ ಕಾಲದಿಂದಲೂ, ಅಂದರೆ 2000ದ ಆಸುಪಾಸಿನಿಂದ, ನಮ್ಮ ಊರಿನಲ್ಲಿ ಮಹಿಳಾ ಸಂಘಗಳಿವೆ. ಈಗ ಅವು ಸಂಜೀವಿನಿ ಒಕ್ಕೂಟದಲ್ಲಿ ಸೇರಿವೆ. ಮಂಗಳವಾರ ಮಧ್ಯಾಹ್ನ ಅಂಗನವಾಡಿಯ ಜಗುಲಿಯಲ್ಲಿ ಹತ್ತು ಹನ್ನೆರಡು ಹೆಂಗಸರು ಕುಳಿತಿರುವುದನ್ನು ಜೀಪಿನಿಂದ ಎಷ್ಟೋ ಸಲ ನೋಡಿದ್ದೆ. ಸಾಲ ಕೊಟ್ಟು ತೆಗೆದುಕೊಳ್ಳುವ ಜಾಗ ಎಂಬುದಷ್ಟೇ ನನಗಿದ್ದ ತಿಳಿವಳಿಕೆ. ವಾರದ ಸಭೆ, ವಾರದ ಉಳಿತಾಯ, ಆಂತರಿಕ ಸಾಲ, ಸಕಾಲಕ್ಕೆ ಮರುಪಾವತಿ, ಸರಿಯಾದ ಪುಸ್ತಕ ನಿರ್ವಹಣೆ ಎಂಬ ಪಂಚಸೂತ್ರವನ್ನು ಅವರು ಒಳಗೆ ಒಬ್ಬರ ಮಾತನ್ನು ಒಬ್ಬರು ಎತ್ತಿಕೊಂಡು ಒಪ್ಪಿಸಿದರು. ಪ್ರತಿನಿಧಿಗಳನ್ನು ಬದಲಾಯಿಸುತ್ತೀರಾ ಎಂದು ಮೇಡಂ ಕೇಳಿದ್ದಕ್ಕೆ ಹೌದೆಂದರು, ಮೂರನೆಯ ಸಲ ಬದಲಾಯಿಸಿದ್ದೇವೆಂದೂ ಹೇಳಿದರು. ಕಂತು ಕಟ್ಟದವರ ಮನೆಗೆ ಹೋಗಿ ಕೇಳುವುದು ಹೇಗೆ, ಕೇಳಿದ ಮೇಲೂ ಮುಖ ಕೆಡದಂತೆ ಬರುವುದು ಹೇಗೆ ಎಂಬುದನ್ನು ಒಬ್ಬರು ನಗಿಸುತ್ತಾ ವಿವರಿಸಿದರು. ಆಗ ಮೇಡಂ ಗಂಡಸರ ಕಡೆ ತಿರುಗಿ ಊರಿನ ದೇವಸ್ಥಾನದ ಸಮಿತಿಯನ್ನೂ ಯುವಕ ಸಂಘವನ್ನೂ ಬದಲಾಯಿಸಿ ಎಷ್ಟು ವರ್ಷವಾಯಿತೆಂದು ಕೇಳಿರಬೇಕು. ಉತ್ತರ ಕೇಳಿಸಲಿಲ್ಲ, ನಗು ಕೇಳಿಸಿತು. ಯುವಕ ಸಂಘದ ಅಧ್ಯಕ್ಷ ನಾನು, ಹದಿನಾಲ್ಕು ವರ್ಷಗಳಿಂದ. ನನಗೆ ಆಗ ವಯಸ್ಸು ಐವತ್ತೆಂಟು.

ಅಡುಗೆಯಾಕೆ ತಲೆ ತಗ್ಗಿಸಿ ಸೊಪ್ಪು ಸೋಸುತ್ತಿದ್ದರು. ಅವರೂ ನಗುತ್ತಿದ್ದರು ಎಂದು ನನಗೆ ಅನುಮಾನ.

ಹನ್ನೊಂದೂವರೆಯ ಹೊತ್ತಿಗೆ ಅವರೆಲ್ಲ ನೆಲದ ಮೇಲೆ ಊರಿನ ನಕ್ಷೆ ಬಿಡಿಸಲು ಕುಳಿತರು. ರಂಗೋಲಿ ಪುಡಿಯಲ್ಲಿ ರಸ್ತೆ, ನೀಲಿ ಬಳಪದ ಪುಡಿಯಲ್ಲಿ ತೋಡು, ಹಸಿರೆಲೆ ಇಟ್ಟು ತೋಟ, ಕಾಫಿ ಸಿಪ್ಪೆ ಹರಡಿ ಬರೆ. ಯಾವ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಯಾರು ತುಂಬು ಬಸುರಿ, ಯಾರ ಮನೆಯ ಹಿಂದೆ ಕೆರೆ ತೋಡಿದ ಮೇಲೆ ನೀರು ಒಸರುತ್ತಿದೆ ಎಂದು ಹೇಳುತ್ತಾ ಒಂದೊಂದೇ ಹುಣಸೆಬೀಜ ಇಡುತ್ತಿದ್ದರು. ಎರಡು ಅವಧಿ ಸದಸ್ಯನಾಗಿದ್ದ ನನಗೆ ಇವುಗಳಲ್ಲಿ ಅರ್ಧಕ್ಕರ್ಧ ಗೊತ್ತಿರಲಿಲ್ಲ. ಆಗ ಒಂದು ದನಿ, ನಮ್ಮ ಲೈನ್‌ಮನೆಯಲ್ಲಿ ಇಪ್ಪತ್ತು ವರ್ಷಗಳಿಂದ ಇದ್ದು ನನ್ನ ಮುಂದೆ ಯಾವತ್ತೂ ‘ಹೂಂ ಸಾವ್ಕಾರ್ರೇ’ ಎಂಬುದಕ್ಕಿಂತ ಹೆಚ್ಚು ಮಾತಾಡದ ಹೆಂಗಸಿನ ದನಿ, ನಿಧಾನವಾಗಿ ಹೇಳಿತು: “ನಮ್ಮ ಲೈನಿನ ಹಿಂದೆಯೇ ಬರೆ. ಶಾಲೆಗೆ ಬರಬೇಕಾದರೆ ಕೆಳಗಿನ ಗೇಟಿನ ದಾರಿಯೇ ಹತ್ತಿರ, ಐದು ನಿಮಿಷ. ಆದರೆ ಅದಕ್ಕೆ ಬೀಗ. ಸುತ್ತಿಕೊಂಡು ಬಂದರೆ ತೋಡು ದಾಟಬೇಕು.” ಬೀಗದ ಕೈ ಯಾರ ಹತ್ತಿರ ಎಂದು ಮೇಡಂ ಕೇಳಿದ್ದಕ್ಕೆ ಯಾರೂ ಉತ್ತರಿಸಲಿಲ್ಲ.

ಆ ಗೇಟು ನನ್ನದು. ಕರಿಮೆಣಸಿಗೆ ಒಳ್ಳೆಯ ಬೆಲೆ ಬಂದ ವರ್ಷ ರಾತ್ರೋರಾತ್ರಿ ಬಳ್ಳಿಯಿಂದಲೇ ಕೊಯ್ದುಕೊಂಡು ಹೋಗುವ ಕಳವು ಸುರುವಾದಾಗ ನಾನೂ ನನ್ನ ತಮ್ಮನೂ ಸೇರಿ ಅದನ್ನು ಮಾಡಿಸಿದ್ದೆವು. ಆ ಕಿರುದಾರಿಯಲ್ಲಿ ನಡೆದು ಅಭ್ಯಾಸವಿದ್ದವರು ಆಮೇಲೆ ಸುತ್ತಿ ಹೋಗತೊಡಗಿದರು. ಯಾರೂ ಕೇಳಲಿಲ್ಲವಾದ್ದರಿಂದ ಯಾರಿಗೂ ತೊಂದರೆಯಿಲ್ಲ ಎಂದುಕೊಂಡಿದ್ದೆ. 2018ರಲ್ಲಿ ಲೈನಿನವರನ್ನು ಕರೆತಂದದ್ದು ಆ ದಾರಿಯಲ್ಲಿಯೇ. ಆಗ ಅಲ್ಲಿ ಗೇಟಿರಲಿಲ್ಲ.

ಊಟಕ್ಕೆ ಅನ್ನ, ಸೊಪ್ಪಿನ ಸಾರು, ಮಾವಿನಕಾಯಿ ಉಪ್ಪಿನಕಾಯಿ. ಊಟವಾದ ಮೇಲೆ ನನ್ನನ್ನೂ ಒಳಗೆ ಕರೆದರು. ನಕ್ಷೆಯ ಮೇಲೆ ನಮ್ಮ ತೋಟದ ಕೆಳ ಅಂಚಿನಲ್ಲಿ ಒಂದು ಕೆಂಪು ಹೆಂಚಿನ ಚೂರು ಇತ್ತು. ಒಂದೊಂದು ಗುರುತೂ ಏನೆಂದು ಎಲ್ಲರಿಗೂ ವಿವರಿಸಿ ಎಂದು ಮೇಡಂ ಹೇಳಿದಾಗ ಮಾತು ಸಲೀಸಾಗಿ ಸಾಗಿ, ಆ ಚೂರಿನ ಬಳಿ ಬಂದು ನಿಂತಿತು. ಲೈನಿನ ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ನಾನು ಕಿಟಕಿಯ ಆಚೆಯಿಂದ ಕೇಳಿಸಿಕೊಂಡಿದ್ದೇನೆಂದು ಅವರಿಗೆ ತಿಳಿದಿರಲಿಲ್ಲ. “ಅದು ನನ್ನ ಗೇಟು. ಬೀಗದ ಕೈ ಯಾರ ಹತ್ತಿರ ಇರಬೇಕೆಂದು ನೀವೇ ತೀರ್ಮಾನ ಮಾಡಿ” ಎಂದೆ. ಸುಮ್ಮನಿದ್ದು ಅವರೇ ಹೇಳುವವರೆಗೆ ಕಾಯಬೇಕಿತ್ತೇನೋ ಎಂದು ಮೇಡಂ ಸಂಜೆ ಹೊರಡುವಾಗ ಮೆಲ್ಲಗೆ ಅಂದರು. ಆ ಮಾತನ್ನು ನಾನು ಇನ್ನೂ ಪೂರ್ತಿ ಒಪ್ಪಿಲ್ಲ.

ಅಂದು ಒಂಬತ್ತು ಜನರ ತಂಡವಾಯಿತು. ಅದರ ಮುಂದಾಳುವಾಗಿ ಆರಿಸಿದ್ದು ಒಕ್ಕೂಟದ ಪುಸ್ತಕ ಬರೆಯುವ, ಪೈಸಾರಿಯಲ್ಲಿ ಮನೆಯಿರುವ, ಪಿಯುಸಿ ಓದಿದ ಮೂವತ್ತೆರಡರ ಹೆಣ್ಣುಮಗಳನ್ನು. ನಿವೃತ್ತ ಸೈನಿಕರಲ್ಲಿ ಒಬ್ಬರಿಗೆ ಇದು ಹಿಡಿಸಲಿಲ್ಲ. ಆದರೆ ಹಗ್ಗ, ಟಾರ್ಚು, ಸ್ಟ್ರೆಚರಿನ ಹೊಣೆಯನ್ನು ತಾವೇ ವಹಿಸಿಕೊಂಡು, ಆ ಹೊಣೆಯಲ್ಲಿ ಒಂದು ದಿನವೂ ತಪ್ಪಲಿಲ್ಲ. ಮಳೆಯ ಲೆಕ್ಕಕ್ಕೆ ನಮ್ಮ ತೋಟದ ಮಳೆಮಾಪಕವನ್ನೇ ಬಳಸುವುದೆಂದಾಯಿತು. ಸರ್ಕಾರ ಮಿಲಿಮೀಟರಿನಲ್ಲಿ ಹೇಳಿದರೂ ಕೊಡಗಿನ ತೋಟಗಳಲ್ಲಿ ಮಳೆ ಇಂದಿಗೂ ಇಂಚು–ಸೆಂಟುಗಳಲ್ಲಿಯೇ ಬೀಳುತ್ತದೆ. ಒಂದು ಇಂಚಿಗೆ ನೂರು ಸೆಂಟು. ಬೆಳಗ್ಗೆ ಎದ್ದು ಅಳತೆಗಾಜಿನಲ್ಲಿ ಸುರಿದು ನೋಡಿ ನೆಂಟರಿಗೆ ಫೋನ್ ಮಾಡಿ ‘ನಿಮ್ಮಲ್ಲಿ ಎಷ್ಟು?’ ಎಂದು ಕೇಳದಿದ್ದರೆ ಇಲ್ಲಿಯವರಿಗೆ ಕಾಫಿ ಇಳಿಯುವುದಿಲ್ಲ. ಮೂರು ದಿನದ ಮಳೆ ಸೇರಿ ಹತ್ತು ಇಂಚು ದಾಟಿದರೆ ಬರೆಯ ಕೆಳಗಿನ ಆರು ಮನೆಯವರು ಶಾಲೆಗೆ ಬರಬೇಕು ಎಂಬ ಗೆರೆಯನ್ನು ಅವರೇ ಹಾಕಿಕೊಂಡರು. ಅದು ಯಾವ ಇಲಾಖೆಯ ಲೆಕ್ಕವೂ ಅಲ್ಲ, ಹಿಂದಿನ ವರ್ಷಗಳ ನಮ್ಮ ಮಳೆ ಪುಸ್ತಕವನ್ನು ತಿರುವಿ ಹಾಕಿದ ಅಂದಾಜು. ಬೀಗದ ಕೈಯ ಇನ್ನೊಂದು ಪ್ರತಿ ಅಂಗನವಾಡಿಯಲ್ಲಿ ಇರುವುದೆಂದಾಯಿತು. ಮನೆಗೆ ಬಂದು ತಮ್ಮನಿಗೆ ಹೇಳಿದೆ. ಅವನು ನನ್ನೊಂದಿಗೆ ನಾಲ್ಕು ದಿನ ಮಾತು ಬಿಟ್ಟ.

ಜುಲೈ ನಡುವಿನ ಒಂದು ರಾತ್ರಿ ನಾಯಿ ಬೊಗಳಿದ್ದಕ್ಕೆ ಎಚ್ಚರವಾಗಿ ಜಗುಲಿಗೆ ಬಂದರೆ ಕೆಳಗಿನ ತೋಟದ ಕಾಫಿ ಗಿಡಗಳ ನಡುವೆ ಟಾರ್ಚುಗಳ ಬೆಳಕು ಸಾಲಾಗಿ ಸಾಗುತ್ತಿತ್ತು. ನನಗೆ ಯಾರೂ ಫೋನ್ ಮಾಡಿರಲಿಲ್ಲ. ರೇನ್‌ಕೋಟ್ ಹಾಕಿಕೊಂಡು ಓಡಿ ಗೇಟಿನ ಹತ್ತಿರ ಬಂದಾಗ ಆಟೋ ಓಡಿಸುವ ಹುಡುಗ, “ಈ ಮಳೆಯಲ್ಲಿ ನೀವ್ಯಾಕೆ ಬಂದ್ರಿ ಸಾವ್ಕಾರ್ರೇ, ಎಲ್ಲ ಆಯ್ತಲ್ಲ” ಎಂದ. ತರಬೇತಿಯ ದಿನ ಎದ್ದು ಕುಳಿತವನು ಅವನೇ. ನನ್ನ ಕೈಗೆ ಯಾರದೋ ಒಂದು ಪಾತ್ರೆಯ ಚೀಲ ಸಿಕ್ಕಿತು. ಅದನ್ನು ಹೊತ್ತುಕೊಂಡು ಅವರ ಹಿಂದೆ ಶಾಲೆಗೆ ನಡೆದೆ.

ಅಂದು ಬರೆ ಜರಿಯಲಿಲ್ಲ. ಮರುದಿನ ಮಳೆ ಬಿಟ್ಟು ಬಿಸಿಲೂ ಬಂತು. ಸುಮ್ಮನೆ ಮಕ್ಕಳು ಮರಿ ಕಟ್ಟಿಕೊಂಡು ನೆನೆದದ್ದಾಯಿತೆಂದು ಊರಿನಲ್ಲಿ ಮಾತು ಹುಟ್ಟಿ, ಮುಂದಿನ ವಾರ್ಡ್ ಸಭೆಯ ಹೊತ್ತಿಗೆ ಅದು ದೂರಾಗಿ ಬೆಳೆದಿತ್ತು. ಒಬ್ಬರು ಎದ್ದು, ತಿಳಿಯದವರ ಕೈಗೆ ಜವಾಬ್ದಾರಿ ಕೊಟ್ಟರೆ ಹೀಗೇ ಎಂದು ನೇರವಾಗಿಯೇ ಹೇಳಿದರು. ನಾನು ಉತ್ತರ ಕೊಡಲು ಅರ್ಧ ಎದ್ದಿದ್ದೆ. ತಂಡದ ಮುಂದಾಳಾಗಿದ್ದ ಆಕೆ ನನ್ನ ಕಡೆ ನೋಡದೆ ಪುಸ್ತಕ ಬಿಚ್ಚಿದರು. “ಸೋಮವಾರ 3 ಇಂಚು 20 ಸೆಂಟ್, ಮಂಗಳವಾರ 4 ಇಂಚು 5, ಬುಧವಾರ 3 ಇಂಚು 10. ಒಟ್ಟು 10 ಇಂಚು 35. ಗೆರೆ ಹಾಕಿದ್ದು ನಾವೆಲ್ಲ ಸೇರಿ. ಗೆರೆ ತಪ್ಪು ಎನ್ನುವುದಾದರೆ ಈಗಲೇ ಬದಲಾಯಿಸೋಣ, ಎಷ್ಟು ಇಂಚಿಗೆ ಅಂತ ನೀವು ಹೇಳಿ ಅಣ್ಣ, ಬರೆದುಕೊಳ್ಳುತ್ತೇನೆ” ಎಂದು ಪೆನ್ನು ಹಿಡಿದು ನಿಂತರು. ಹನ್ನೆರಡು ಎಂದು ಯಾರೋ ಅಂದರು. ಲೈನಿನ ಆಕೆ ಕುಳಿತಲ್ಲಿಂದಲೇ, “ಹನ್ನೆರಡಕ್ಕೆ ಕಾಯುವವರು ಒಂದು ರಾತ್ರಿ ನಮ್ಮ ಲೈನಿನಲ್ಲಿ ಬಂದು ಮಲಗಿ” ಎಂದರು. ಸಂಖ್ಯೆ ಹತ್ತರಲ್ಲಿಯೇ ಉಳಿಯಿತು.

ಫೆಬ್ರುವರಿಯಲ್ಲಿ ಗೇಟಿನ ಹತ್ತಿರದ ಎರಡು ಮೆಣಸಿನ ಬಳ್ಳಿ ಖಾಲಿಯಾಗಿದ್ದವು. ತಮ್ಮ ಏನೆಂದನೆಂದು ಇಲ್ಲಿ ಬರೆಯುವ ಹಾಗಿಲ್ಲ. ನಾನು ತಂಡದವರಿಗೆ ವಿಷಯ ತಿಳಿಸಿದೆ, ಯಾರ ಮೇಲೂ ಅನುಮಾನವಿಲ್ಲ ಎಂದೂ ಹೇಳಿದೆ. ಪೂರ್ತಿ ನಿಜ ಹೇಳುವುದಾದರೆ ಸ್ವಲ್ಪ ಇತ್ತು. ಒಂದು ವಾರದಲ್ಲಿ ಅಂಗನವಾಡಿಯ ಗೋಡೆಗೆ ಒಂದು ಮೊಳೆ, ಮೊಳೆಗೆ ಬೀಗದ ಕೈ, ಕೆಳಗೆ ದಾರ ಕಟ್ಟಿದ ನೋಟುಪುಸ್ತಕ ಬಂತು: ಯಾರು, ಯಾವಾಗ, ಯಾತಕ್ಕೆ, ಸಹಿ. ಮೊನ್ನೆ ಗೊಬ್ಬರದ ಲಾರಿ ಕೆಳಗಿನ ದಾರಿಯಲ್ಲಿ ಬಂದು ಹಾರ್ನ್ ಹೊಡೆಯುತ್ತಿದ್ದಾಗ ನಮ್ಮ ಮನೆಯ ಬೀಗದ ಕೈ ಎಲ್ಲಿಟ್ಟಿದ್ದೇವೆಂದು ಹುಡುಕಿದರೂ ಸಿಗಲಿಲ್ಲ. ಅಂಗನವಾಡಿಗೆ ಹೋಗಿ ಮೊಳೆಗೆ ಕೈ ಹಾಕಿದ್ದೆನಷ್ಟೇ, “ಮೊದಲು ಬರೆಯಿರಿ ಸಾರ್” ಎಂದು ಟೀಚರ್ ಪುಸ್ತಕ ಮುಂದಿಟ್ಟರು. ಹೆಸರು ಬರೆದು, ಗಂಟೆ ಬರೆದು, ಕಾರಣದ ಜಾಗದಲ್ಲಿ ‘ಗೊಬ್ಬರ’ ಎಂದು ಬರೆದು, ಸಹಿ ಹಾಕಿ ನನ್ನ ಗೇಟಿನ ಬೀಗದ ಕೈ ತೆಗೆದುಕೊಂಡು ಬಂದೆ.