ಕೆಟ್ಟ ಸಿನಿಮಾ ನೋಡುವವರನ್ನು ನೋಡುತ್ತಾ

14 ಜೂನ್ 2025, ಶನಿವಾರ

ಮಳೆ ಬಿಡಲಿಲ್ಲ, ನಾನೂ ಹೊರಗೆ ಹೋಗಲಿಲ್ಲ. ಊಟ ಮುಗಿಸಿ ರೆಡ್‌ಲೆಟರ್‌ಮೀಡಿಯಾ ಎಂಬ ಯೂಟ್ಯೂಬ್ ಚಾನೆಲ್‌ನವರ 'ನ್ಯೂಕಿ' ಎಪಿಸೋಡನ್ನು ಮತ್ತೆ ಹಾಕಿಕೊಂಡು ಕೂತೆ. ಮೈಕ್ ಸ್ಟೊಕ್ಲಾಸಾ, ಜೇ ಬೌಮನ್, ರಿಚ್ ಎವನ್ಸ್ ಅಂತ ಅಮೆರಿಕದ ಮಿಲ್ವಾಕಿ ಊರಿನವರು. ಸಿನಿಮಾ ನೋಡಿ, ಬಿಯರ್ ಹಿಡಿದು ಹರಟುವುದೇ ಅವರ ಕಸುಬು.

'ನ್ಯೂಕಿ' 1987ರ ದಕ್ಷಿಣ ಆಫ್ರಿಕಾ ಸಿನಿಮಾ, ಸ್ಪೀಲ್‌ಬರ್ಗ್‌ನ 'ಇ.ಟಿ.'ಯ ಬಡ ನಕಲು. ಬೇರೆ ಲೋಕದ ಅಣ್ಣತಮ್ಮಂದಿರಿಬ್ಬರು ಭೂಮಿಗೆ ಬೀಳುತ್ತಾರೆ. ಒಬ್ಬ ಅಮೆರಿಕದ ಪ್ರಯೋಗಾಲಯದಲ್ಲಿ ಸೆರೆ, ಇನ್ನೊಬ್ಬ ಅವನನ್ನು ಹುಡುಕುತ್ತಾ ಆಫ್ರಿಕಾದ ಬಯಲಲ್ಲಿ ಅಲೆದಾಟ. ಬೊಂಬೆಯ ಮುಖವಂತೂ ನೆಗಡಿಯಾದ ಮಗುವಿನ ಮೂಗನ್ನು ಯಾರೂ ಒರೆಸದೆ ಬಿಟ್ಟ ಹಾಗಿದೆ.

ಇದರ ವಿಎಚ್ಎಸ್ ವಿಡಿಯೊ ಕ್ಯಾಸೆಟ್ಟನ್ನು ಅಭಿಮಾನಿಗಳು ಕಳಿಸುತ್ತಲೇ ಇದ್ದರು, ಇವರು ನೋಡುವುದನ್ನು ಮುಂದಕ್ಕೆ ಹಾಕುತ್ತಲೇ ಇದ್ದರು. ಕ್ಯಾಸೆಟ್ಟುಗಳು ನೂರು ದಾಟಿದವು. ಅದೇ ಹೊತ್ತಿಗೆ ಅಮೆರಿಕದಲ್ಲಿ ಹಳೇ ಕ್ಯಾಸೆಟ್ಟು ಎಷ್ಟು ಚೆನ್ನಾಗಿ ಉಳಿದಿದೆ ಅಂತ ಗ್ರೇಡು ಹಾಕಿಸಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಮಾರುವ ಹುಚ್ಚು ಹತ್ತಿತ್ತು. 2022ರಲ್ಲಿ 'ಬ್ಯಾಕ್ ಟು ದ ಫ್ಯೂಚರ್'ನ ಸೀಲು ಒಡೆಯದ ಕ್ಯಾಸೆಟ್ 75,000 ಡಾಲರಿಗೆ ಹರಾಜಾಯಿತು. ಇವರು ಏನು ಮಾಡಿದರು ಗೊತ್ತೇ? ಒಂದು 'ನ್ಯೂಕಿ'ಗೆ ಗ್ರೇಡು ಹಾಕಿಸಿ ತೆಗೆದಿಟ್ಟು, ಉಳಿದ ನೂರು ಚಿಲ್ಲರೆಯನ್ನು ಮರ ಪುಡಿ ಮಾಡುವ ಯಂತ್ರಕ್ಕೆ ಹಾಕಿ ಅರೆದರು. ಕಪ್ಪು ಪ್ಲಾಸ್ಟಿಕ್ ಚೂರು, ಟೇಪಿನ ಎಳೆ ಎಲ್ಲ ಫಟಫಟ ಎಂದು ಹಾರುತ್ತವೆ. ಹೀಗೆ 'ಅಪರೂಪ'ವಾಗಿಸಿದ ಆ ಒಂದು ಕ್ಯಾಸೆಟ್ ಇಬೇ ಎಂಬ ಆನ್‌ಲೈನ್ ಹರಾಜುಕಟ್ಟೆಯಲ್ಲಿ 80,600 ಡಾಲರಿಗೆ ಹೋಯಿತು. ಆಗಿನ ನಮ್ಮ ಲೆಕ್ಕದಲ್ಲಿ 65 ಲಕ್ಷ ರೂಪಾಯಿ ಹತ್ತಿರ! ದುಡ್ಡನ್ನು ಮಕ್ಕಳ ಆಸ್ಪತ್ರೆಗೂ ಪ್ರಾಣಿದಯಾ ಸಂಸ್ಥೆಗೂ ಕೊಟ್ಟರು. ಸಿನಿಮಾವನ್ನು ಆಡಿಕೊಳ್ಳಲು ಹೊರಟವರು ಇಡೀ ಸಂತೆಯನ್ನೇ ಆಡಿಕೊಂಡು ಬಂದಿದ್ದಾರೆ. ನನ್ನ ಮೆಚ್ಚಿನ ಎಪಿಸೋಡುಗಳ ಪಟ್ಟಿಯಲ್ಲಿ ಮೊದಲನೆಯದು ಇದೇ.

ಇದು ಅವರ 'ಬೆಸ್ಟ್ ಆಫ್ ದ ವರ್ಸ್ಟ್' ಸರಣಿಯದ್ದು. ಸಾಮಾನ್ಯವಾಗಿ ಮೂರು ಕೆಟ್ಟ ಸಿನಿಮಾ ಒಟ್ಟಿಗೆ ನೋಡಿ, ಇದ್ದುದರಲ್ಲಿ ಒಳ್ಳೆಯದನ್ನು ಆರಿಸುತ್ತಾರೆ, ತೀರಾ ಕೆಟ್ಟದ್ದನ್ನು ಒಡೆದು ಹಾಕುತ್ತಾರೆ. ಮೂರು ಅಂದಾಗ ನನಗೆ ನಮ್ಮೂರಿನ ವಿಸಿಪಿ (ವಿಡಿಯೊ ಕ್ಯಾಸೆಟ್ ಪ್ಲೇಯರ್) ಬಾಡಿಗೆ ನೆನಪಾಗುತ್ತದೆ. ಒಂದು ರಾತ್ರಿಗೆ ಟಿವಿ, ವಿಸಿಪಿ, ಮೂರು ಕ್ಯಾಸೆಟ್. ಮೊದಲು ಅಣ್ಣಾವ್ರದ್ದು, ಆಮೇಲೆ ಒಂದು ಹಿಂದಿ. ಮೂರನೆಯದು ಅಂಗಡಿಯವನು ಕೈಗೆ ಸಿಕ್ಕಿದ್ದು ತುರುಕಿ ಕೊಟ್ಟ ಇಂಗ್ಲಿಷ್ ಫೈಟಿಂಗ್ ಪಿಕ್ಚರು. ಬೆಳಗಿನ ಜಾವ ಎಚ್ಚರ ಇದ್ದವರ ಪಾಲಿಗೆ ಮಾತ್ರ ಅದು.

ಅಂಥ ಮೂರನೆಯ ಪಿಕ್ಚರುಗಳೇ ಸೇರಿದ ಎಪಿಸೋಡು ಒಂದಿದೆ: 'ಹಾರ್ಡ್ ಟಿಕೆಟ್ ಟು ಹವಾಯಿ', 'ಡೆಡ್ಲಿ ಪ್ರೇ', 'ಮಯಾಮಿ ಕನೆಕ್ಷನ್'. ಮೂರೂ 1987ರವು. ('ನ್ಯೂಕಿ'ಯೂ 1987. ಆ ವರ್ಷದ ನೀರಲ್ಲೇ ಏನೋ ಇತ್ತು.) 'ಮಯಾಮಿ ಕನೆಕ್ಷನ್' ಮಾಡಿದ್ದು ವೈ.ಕೆ. ಕಿಮ್ ಎಂಬ ಟೇಕ್ವಾಂಡೊ ಗುರು, ಒರ್ಲ್ಯಾಂಡೊದಲ್ಲಿ, ಕೈಯಿಂದ ದುಡ್ಡು ಹಾಕಿ. ಐವರು ಅನಾಥ ಗೆಳೆಯರು, ಅವರದೊಂದು ರಾಕ್ ಬ್ಯಾಂಡು, ಎದುರಿಗೆ ಬೈಕಿನ ಮೇಲೆ ಬರುವ ನಿಂಜಾಗಳು. ಅದರಲ್ಲಿ ಒಬ್ಬನಿಗೆ ಅಪ್ಪ ಸಿಕ್ಕಿದ ಕಾಗದ ಬರುವ ದೃಶ್ಯವಿದೆಯಲ್ಲ, ನಟಿಸಲು ಬರದವನು ಮನಸ್ಸು ಬಿಚ್ಚಿ ಅಳುವುದು. ಮೊದಲು ನಗು ತಡೆಯಲಾಗದು, ಆಮೇಲೆ ಅವನ ಮೇಲೆ ಪ್ರೀತಿ ಬರುತ್ತದೆ. ಟೇಬಲ್ ಸುತ್ತ ಕೂತವರಿಗೂ ಹಾಗೇ ಆಯಿತು. ರಿಚ್ ಎವನ್ಸ್ ನಗು ಮೇಲೇರಿ ಮೇಲೇರಿ ಕೊನೆಗೆ ಉಸಿರಷ್ಟೇ ಉಳಿಯುತ್ತದೆ. ಆಡಿಕೊಳ್ಳುವವರಿಗೆ ಸಿನಿಮಾದ ಮೇಲೆ ಮನಸ್ಸಾದರೆ ಮಾತ್ರ ನಾನು ಆ ಎಪಿಸೋಡನ್ನು ಎರಡನೇ ಸಲ ನೋಡುವುದು. ಬರೀ ಬೈಗುಳ ಒಂದು ಸಲಕ್ಕೆ ಸಾಕು.

ಪೊಲೀಸರಿಗೆ ಚಾಕು ದಾಳಿಯಿಂದ ಪಾರಾಗುವುದನ್ನು ಕಲಿಸುವ 1988ರ ತರಬೇತಿ ವಿಡಿಯೊ ಮೇಲೂ ಒಂದಿದೆ. 21 ಅಡಿ ದೂರದಲ್ಲಿ ಚಾಕು ಹಿಡಿದವನು, ಪೊಲೀಸ್ ಪಿಸ್ತೂಲು ತೆಗೆಯುವಷ್ಟರಲ್ಲಿ ಮೈಮೇಲೆ ಬಿದ್ದಿರುತ್ತಾನೆ ಅನ್ನುವ ಲೆಕ್ಕ ಜನಜನಿತವಾಗಿದ್ದು ಆ ವಿಡಿಯೊದಿಂದಲೇ. ತಿಂಡಿ ತಿನ್ನುತ್ತಾ ನೋಡಬೇಡಿ.

ಇವರಿಗೆ ಹೆಸರು ತಂದದ್ದು ಮಾತ್ರ 2009ರ ಡಿಸೆಂಬರಿನ ಪ್ಲಿಂಕೆಟ್ ವಿಮರ್ಶೆ. 'ಸ್ಟಾರ್ ವಾರ್ಸ್'ನ 'ಫ್ಯಾಂಟಮ್ ಮೆನೇಸ್' ಬಗ್ಗೆ 70 ನಿಮಿಷ. ಆಗ ಯೂಟ್ಯೂಬ್ 10 ನಿಮಿಷಕ್ಕಿಂತ ಉದ್ದ ಬಿಡುತ್ತಿರಲಿಲ್ಲ, ಅದಕ್ಕೇ ಏಳು ತುಂಡು. ಪ್ಲಿಂಕೆಟ್ ಎಂಬ ಗೊಣಗು ಮುದುಕನ ದನಿಯಲ್ಲಿ ಮಾತಾಡುವುದು ಮೈಕ್. ಅದರಲ್ಲಿ ಒಂದು ಪರೀಕ್ಷೆ ಬರುತ್ತದೆ: ಪಾತ್ರದ ರೂಪ, ಬಟ್ಟೆ, ಕೆಲಸ ಯಾವುದನ್ನೂ ಹೇಳದೆ ಅದು ಎಂಥ ಪಾತ್ರ ಅಂತ ವರ್ಣಿಸಿ. ಹಳೇ 'ಸ್ಟಾರ್ ವಾರ್ಸ್'ನ ಹಾನ್ ಸೋಲೊ ಅಂದರೆ ಎಲ್ಲರೂ ಪಟಪಟ ಹೇಳುತ್ತಾರೆ. ಈ ಸಿನಿಮಾದ ಕ್ವೈ-ಗಾನ್ ಜಿನ್ ಅಂದ ಕೂಡಲೇ ತಡವರಿಕೆ. ಗಡ್ಡ ಬಿಟ್ಟು ಹೇಳಲು ಏನಿದೆ? ಕ್ಲೈಮ್ಯಾಕ್ಸಿನಲ್ಲಿ ನಾಲ್ಕು ಕಡೆ ಒಟ್ಟಿಗೆ ಯುದ್ಧ ನಡೆದು ಒಂದೂ ಎದೆಗೆ ತಾಕದಿರುವುದನ್ನು ತೋರಿಸುವ ಭಾಗ ಇನ್ನೂ ಚೆನ್ನ. ಅಲ್ಲಿಗೆ ತೆರೆಮರೆಯ ಚಿತ್ರೀಕರಣದ ತುಣುಕು ಅಂಟಿಸಿದ್ದಾನೆ. ರಫ್ ಕಟ್ (ಮೊದಲ ಕಚ್ಚಾ ಸಂಕಲನ) ನೋಡಿದ ಮೇಲೆ ನಿರ್ದೇಶಕ ಜಾರ್ಜ್ ಲ್ಯೂಕಸ್ ಸುತ್ತ ಕೂತವರ ಮುಖ ನೋಡಬೇಕು. ಆ ಪರೀಕ್ಷೆಯನ್ನು ನಾನು ಈಗ ಕನ್ನಡ ಸಿನಿಮಾಗಳಿಗೂ ಹಾಕಿ ನೋಡುತ್ತೇನೆ. ನಮ್ಮ ಹೀರೋಗಳಲ್ಲಿ ಪಾಸಾಗುವವರು ಕಮ್ಮಿ. ಆದರೆ ನೆಲಮಾಳಿಗೆಯಲ್ಲಿ ಹೆಂಗಸರನ್ನು ಕೂಡಿಹಾಕಿದ ಪ್ಲಿಂಕೆಟ್ ಜೋಕು ನನಗೆ ಅವತ್ತೂ ಹಿಡಿಸಲಿಲ್ಲ, ಇವತ್ತೂ ಆ ಭಾಗ ಬಂದರೆ ವಿಡಿಯೊ ಮುಂದಕ್ಕೆ ಓಡಿಸಿಬಿಡುತ್ತೇನೆ.

ಸಂಜೆ ಭಾವ ಬಂದರು. ಆಡಿಟ್ ಕೆಲಸದಲ್ಲೇ ತಲೆ ನರೆಸಿಕೊಂಡವರು. ಅವರಿಗೆ ಅಂತಲೇ ರೆಡ್‌ಲೆಟರ್‌ಮೀಡಿಯಾದವರ ಇನ್ನೊಂದು ಸರಣಿ 'ಹಾಫ್ ಇನ್ ದ ಬ್ಯಾಗ್'ನ 'ಜ್ಯಾಕ್ ಆ್ಯಂಡ್ ಜಿಲ್' ವಿಮರ್ಶೆ ಹಾಕಿದೆ. ಆಡಮ್ ಸ್ಯಾಂಡ್ಲರ್ ಅಣ್ಣ-ತಂಗಿ ಎರಡೂ ವೇಷ ಹಾಕಿದ ಆ ಸಿನಿಮಾಕ್ಕೆ 79 ಮಿಲಿಯನ್ ಡಾಲರ್ ಖರ್ಚು. ಪರದೆ ಮೇಲೆ ಕಾಣುವುದು ಮನೆ, ಹಡಗು, ಡೋನಟ್ ಜಾಹೀರಾತು. ಹಾಗಾದರೆ ದುಡ್ಡು ಎಲ್ಲಿ ಹೋಯಿತು ಅಂತ ಮೈಕ್, ಜೇ ಕೂತು ಲೆಕ್ಕ ಹಾಕುತ್ತಾರೆ. ಭಾವ ಒಂದು ಸಲವೂ ನಗಲಿಲ್ಲ. ಕನ್ನಡಕ ಸರಿ ಮಾಡಿಕೊಂಡು, 'ಸ್ವಲ್ಪ ನಿಲ್ಸಯ್ಯ, ಆ ಹಡಗಿನ ಖರ್ಚನ್ನ ಯಾವ ಹೆಡ್ಡಿಗೆ ಹಾಕಿದಾರೆ?' ಅಂದರು.